ತೊಗರಿಬೇಳೆಯಷ್ಟು ಜಾಗದಲ್ಲಿ ಒಂದು ಗುರುತು: ಪ್ರೊಫೈಲ್ ಐಕಾನ್‌ಗಳನ್ನು ರೂಪಿಸುವ ಬಗೆ

ಧಾರವಾಡದ ಮನೆಯೊಂದರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುವ ಗೃಹಿಣಿಯೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ. ಅವರಿಗೆ ಬೀದಿಯಲ್ಲಿ ಅಂಗಡಿ ಇಲ್ಲ, ಬಾಗಿಲ ಮೇಲೆ ಬೋರ್ಡೂ ಇಲ್ಲ. ಬೆಂಗಳೂರಿನಿಂದಲೋ ಪುಣೆಯಿಂದಲೋ ಆರ್ಡರ್ ಕೊಡುವವರ ಕಣ್ಣಿಗೆ ಬೀಳುವುದು ಇನ್‌ಸ್ಟಾಗ್ರಾಂನ ಒಂದು ಪುಟ, ವಾಟ್ಸ್‌ಆ್ಯಪ್‌ನ ಒಂದು ಸಂಖ್ಯೆ, ಎರಡರಲ್ಲೂ ಚಿಕ್ಕದೊಂದು ವೃತ್ತದೊಳಗಿನ ಚಿತ್ರ. ಆ ವೃತ್ತವೇ ಅವರ ಅಂಗಡಿಯ ಬೋರ್ಡು. ಸಾಮಾನ್ಯವಾಗಿ ಅಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಮೊಸರು, ಹಸಿಮೆಣಸಿನಕಾಯಿ ಎಲ್ಲವೂ ಇರುವ ಊಟದ ತಟ್ಟೆಯ ಫೋಟೋ ಇರುತ್ತದೆ. ಫೋಟೋ ಚೆನ್ನಾಗಿಯೇ ಇರುತ್ತದೆ. ಆದರೆ ವೃತ್ತದೊಳಗೆ ಅದು ಕಂದು ಬಣ್ಣದ ಮಸುಕು ಮಚ್ಚೆಯಾಗಿ ಮಾತ್ರ ಕಾಣುತ್ತದೆ. ಹೀಗೇಕೆ ಆಗುತ್ತದೆ, ಅದರ ಬದಲು ತಮ್ಮದೇ ಆದ ಐಕಾನ್ ಒಂದನ್ನು ರೂಪಿಸಿಕೊಳ್ಳುವುದು ಹೇಗೆ ಎಂಬುದನ್ನು ಚಿತ್ರಕಲೆ ಕಲಿಯದವರಿಗೂ ತಿಳಿಯುವಂತೆ ಮೊದಲಿನಿಂದ ನೋಡೋಣ.

ಚಿತ್ರ ಬೇರೆ, ಗುರುತು ಬೇರೆ

ಮೊದಲು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರೊಫೈಲ್ ಚಿತ್ರವೆಂದರೆ ಖಾತೆಯ ಹೆಸರಿನ ಪಕ್ಕದಲ್ಲಿ ಎಲ್ಲೆಡೆ ಕಾಣಿಸಿಕೊಳ್ಳುವ ವೃತ್ತ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಸ್ಟೋರಿ 24 ಗಂಟೆಗಳಲ್ಲಿ ಮರೆಯಾಗುತ್ತದೆ. ಬೇಕಾದುದನ್ನು ಮರೆಯಾಗದಂತೆ ಗುಂಪು ಮಾಡಿ ಪ್ರೊಫೈಲ್ ಪುಟದಲ್ಲಿಯೇ ಉಳಿಸಿಕೊಳ್ಳುವ ಹೈಲೈಟ್ ಎಂಬ ಸೌಲಭ್ಯ 2017ರ ಡಿಸೆಂಬರ್‌ನಲ್ಲಿ ಬಂದಿತು. ಪ್ರತಿ ಹೈಲೈಟ್‌ಗೂ ಒಂದು ಚಿಕ್ಕ ವೃತ್ತ, ಅದರ ಕೆಳಗೆ ಒಂದು ಹೆಸರು. ಆ ವೃತ್ತದೊಳಗೆ ಇಡುವ ಚಿತ್ರವನ್ನು ಹೈಲೈಟ್ ಕವರ್ ಎನ್ನುತ್ತಾರೆ. ನಮ್ಮ ಉದಾಹರಣೆಯ ಗೃಹಿಣಿಗೆ ‘ದರ’, ‘ಆರ್ಡರ್’, ‘ಕೊರಿಯರ್’, ‘ಅನಿಸಿಕೆ’ ಎಂಬ ನಾಲ್ಕು ಹೈಲೈಟ್‌ಗಳು ಬೇಕೆಂದಾದರೆ, ಪ್ರೊಫೈಲ್ ಚಿತ್ರವೂ ಸೇರಿ ಐದು ಐಕಾನ್‌ಗಳು ಬೇಕು.

ಐಕಾನ್ ಎಂಬುದು ಚಿಕ್ಕದು ಮಾಡಿದ ಚಿತ್ರವಲ್ಲ. ಚಿತ್ರವನ್ನು ನಾವು ನೋಡುತ್ತೇವೆ, ಐಕಾನನ್ನು ಅಕ್ಷರದಂತೆ ಓದುತ್ತೇವೆ. ಈ ವ್ಯತ್ಯಾಸಕ್ಕೆ ನಮ್ಮ ದೇಶದಲ್ಲಿಯೇ ಬಹಳ ಒಳ್ಳೆಯ ಉದಾಹರಣೆಯಿದೆ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆದಾಗ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಆದ್ದರಿಂದ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆ ಇಟ್ಟು, ಅದರ ಮೇಲೆ ಹೆಸರಿನ ಬದಲು ಚಿಹ್ನೆಯನ್ನು ಅಂಟಿಸಲಾಗಿತ್ತು. ಚುನಾವಣಾ ಆಯೋಗದಲ್ಲಿ ನಕ್ಷೆಗಾರರಾಗಿದ್ದು 1992ರಲ್ಲಿ ನಿವೃತ್ತರಾದ ಎಂ. ಎಸ್. ಸೇಥಿ ಅವರು ಸೈಕಲ್, ಲಾಟೀನು, ತಕ್ಕಡಿಯಂತಹ ದಿನಬಳಕೆಯ ವಸ್ತುಗಳನ್ನು ಪೆನ್ಸಿಲ್ಲಿನಲ್ಲಿ ಸರಳ ರೇಖೆಗಳಾಗಿ ಬರೆದರು. ಆ ಸೈಕಲ್ಲಿಗೆ ಯಾವ ಕಂಪನಿಯ ಗುರುತೂ ಇಲ್ಲ, ನೆರಳಿಲ್ಲ, ಹೊಳಪಿಲ್ಲ. ಆದರೂ ಅದು ಸೈಕಲ್ ಎಂಬುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಪ್ರೊಫೈಲ್ ಐಕಾನ್ ಮಾಡಲು ಹೊರಟವರು ಮತಪತ್ರದ ಮೇಲಿನ ಚಿಹ್ನೆಗಳನ್ನು ಒಮ್ಮೆ ಗಮನವಿಟ್ಟು ನೋಡುವುದು ಒಳ್ಳೆಯ ಪಾಠ ಎಂದು ನಾನು ನಂಬುತ್ತೇನೆ.

ಎಷ್ಟು ಚಿಕ್ಕದು ಎಂಬುದೇ ಮೊದಲ ಪ್ರಶ್ನೆ

ಐಕಾನ್ ಮಾಡುವವರು ಕಂಪ್ಯೂಟರಿನ ಅಗಲವಾದ ಪರದೆಯ ಮೇಲೆ, ಅಂಗೈಗಿಂತ ದೊಡ್ಡದಾಗಿ ಅದನ್ನು ಬರೆಯುತ್ತಾರೆ. ನೋಡುವವರಿಗೆ ಅದು ಸಿಗುವುದು ಬೇರೆಯೇ ಅಳತೆಯಲ್ಲಿ. ಫೋನಿನಲ್ಲಿ ಪ್ರೊಫೈಲ್ ಪುಟವನ್ನೇ ತೆರೆದಾಗ ಪ್ರೊಫೈಲ್ ಚಿತ್ರ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಹೈಲೈಟ್ ವೃತ್ತವು ಅಂಗಿಯ ಗುಂಡಿಯಷ್ಟು, ಅಂದರೆ ಸುಮಾರು ಒಂದು ಸೆಂಟಿಮೀಟರ್. ಯಾರದೋ ಪೋಸ್ಟಿನ ಕೆಳಗೆ ನಾವು ಬರೆದ ಪ್ರತಿಕ್ರಿಯೆಯ ಪಕ್ಕದಲ್ಲಿ ಅದೇ ಚಿತ್ರ ತೊಗರಿಬೇಳೆಯ ಗಾತ್ರಕ್ಕೆ, ಸುಮಾರು ಅರ್ಧ ಸೆಂಟಿಮೀಟರಿಗೆ ಇಳಿಯುತ್ತದೆ. ಫೋನಿನಿಂದ ಫೋನಿಗೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಂದಾಜು ಇಷ್ಟೇ.

ಹೊಸ ಗ್ರಾಹಕರು ಬಹುಪಾಲು ಮೊದಲು ನೋಡುವುದು ಈ ಬೇಳೆ ಗಾತ್ರದ ಚಿತ್ರವನ್ನೇ, ಏಕೆಂದರೆ ಪುಟವನ್ನು ತೆರೆಯುವ ಮೊದಲು ಅವರ ಕಣ್ಣಿಗೆ ಬೀಳುವುದು ಪ್ರತಿಕ್ರಿಯೆಗಳಲ್ಲಿ, ಹುಡುಕಾಟದ ಪಟ್ಟಿಯಲ್ಲಿ, ಸಂದೇಶಗಳ ಸಾಲಿನಲ್ಲಿ. ಆದ್ದರಿಂದ ಲೆಕ್ಕವನ್ನು ಅಲ್ಲಿಂದ ಶುರು ಮಾಡಬೇಕು. ಅರ್ಧ ಸೆಂಟಿಮೀಟರ್ ಅಗಲದ ವೃತ್ತವನ್ನು ಹದಿನಾರು ಭಾಗ ಮಾಡಿದರೆ ಒಂದೊಂದು ಭಾಗ ಸುಮಾರು 0.3 ಮಿಲಿಮೀಟರ್. ಅದಕ್ಕಿಂತ ತೆಳುವಾದ ಗೆರೆಯನ್ನು ಕೈಯಳತೆಯ ದೂರದಲ್ಲಿ ಹಿಡಿದ ಫೋನಿನಲ್ಲಿ ಗುರುತಿಸುವುದು ಕಷ್ಟ. ಎಂದರೆ, ವೃತ್ತದ ಅಗಲದ ಹದಿನಾರನೇ ಒಂದು ಭಾಗಕ್ಕಿಂತ ತೆಳುವಾದದ್ದು ಯಾವುದನ್ನು ಬರೆದರೂ ಅದು ಬರೆದವರಿಗೆ ಮಾತ್ರ ಕಾಣುವಂಥದ್ದು.

ಕೊಡುವುದು ಚೌಕ, ಉಳಿಯುವುದು ವೃತ್ತ

ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಇವೆಲ್ಲವೂ ಪ್ರೊಫೈಲ್ ಚಿತ್ರವನ್ನು ವೃತ್ತವಾಗಿ ಕತ್ತರಿಸಿ ತೋರಿಸುತ್ತವೆ. ಆಗ ಟ್ವಿಟರ್ ಎಂದು ಕರೆಯುತ್ತಿದ್ದ ಇಂದಿನ ಎಕ್ಸ್ ಕೂಡ 2017ರ ಜೂನ್‌ನಲ್ಲಿ ಚೌಕವನ್ನು ಬಿಟ್ಟು ವೃತ್ತಕ್ಕೆ ಬಂದಿತು. ಚೌಕದೊಳಗೆ ಹಿಡಿಸುವ ಅತಿ ದೊಡ್ಡ ವೃತ್ತವು ಆ ಚೌಕದ ಶೇಕಡಾ 78.5ರಷ್ಟನ್ನು ಮಾತ್ರ ಆವರಿಸುತ್ತದೆ. ನಾಲ್ಕು ಮೂಲೆಗಳಲ್ಲಿ ಸೇರಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಚಪಾತಿಯನ್ನು ಚೌಕವಾಗಿ ಲಟ್ಟಿಸಿ ತಟ್ಟೆಯಿಂದ ಒತ್ತಿ ಗುಂಡಗೆ ಕತ್ತರಿಸಿದಾಗ ಅಂಚಿನ ಹಿಟ್ಟು ಉಳಿಯುವಂತೆಯೇ ಇದು. ಮೂಲೆಯಲ್ಲಿ ಬರೆದ ಫೋನ್ ಸಂಖ್ಯೆಯೂ ಅಂಚಿಗೆ ತಾಗಿಸಿ ಬರೆದ ಹೆಸರೂ ಹೀಗೆಯೇ ಕಾಣೆಯಾಗುತ್ತವೆ.

ಸುರಕ್ಷಿತವಾದ ಜಾಗ ಎಷ್ಟು ಎಂಬುದನ್ನು ಲೆಕ್ಕ ಹಾಕುವುದು ಸುಲಭ. 1080 ಪಿಕ್ಸೆಲ್ (ಪರದೆಯ ಚಿತ್ರವನ್ನು ಕೂಡಿಸುವ ಬಣ್ಣದ ಚುಕ್ಕೆ) ಉದ್ದಗಲದ ಚೌಕದಲ್ಲಿ ಕೆಲಸ ಮಾಡುತ್ತಿದ್ದರೆ, ಅದರೊಳಗಿನ ವೃತ್ತದಲ್ಲಿ ಪೂರ್ತಿಯಾಗಿ ಕೂರುವ ಚೌಕದ ಅಳತೆ ಸುಮಾರು 764 ಪಿಕ್ಸೆಲ್. ಮುಖ್ಯವಾದುದೆಲ್ಲವೂ ಅದರೊಳಗೇ ಇರಬೇಕು. ಹೈಲೈಟ್ ಕವರ್ ಸ್ವಲ್ಪ ಬೇರೆ: ಸ್ಟೋರಿಯ ಅಳತೆಯಾದ 1080 ಅಗಲ, 1920 ಎತ್ತರದ ಚಿತ್ರವನ್ನು ಮಾಡಿದರೆ ಅದರ ನಡುವಿನ ಭಾಗ ಮಾತ್ರ ವೃತ್ತದಲ್ಲಿ ಉಳಿಯುತ್ತದೆ, ಆದ್ದರಿಂದ ಐಕಾನ್ ನಟ್ಟನಡುವೆ ಇದ್ದು ಸುತ್ತಲೂ ಧಾರಾಳವಾಗಿ ಖಾಲಿ ಜಾಗವಿರಬೇಕು. ಕವರ್ ಚಿತ್ರವನ್ನು ಸ್ಟೋರಿಯಾಗಿ ಎಲ್ಲರಿಗೂ ತೋರಿಸಲೇಬೇಕೆಂದೇನೂ ಇಲ್ಲ. ಹೈಲೈಟನ್ನು ತಿದ್ದುವಾಗ ಫೋನಿನ ಗ್ಯಾಲರಿಯಿಂದ ನೇರವಾಗಿ ಆರಿಸಿಕೊಳ್ಳಬಹುದು. ಇದನ್ನು ತಿಳಿಯದೆ ನಾಲ್ಕು ಖಾಲಿ ಐಕಾನ್‌ಗಳನ್ನು ಸ್ಟೋರಿಗೆ ಹಾಕಿ, ನೋಡಿದವರನ್ನು ಗೊಂದಲಕ್ಕೆ ಈಡುಮಾಡುವ ಅಗತ್ಯವಿಲ್ಲ.

ರೊಟ್ಟಿಯನ್ನು ಬರೆಯುವುದು ಹೇಗೆ

ಈಗ ನಿಜವಾದ ಕೆಲಸಕ್ಕೆ ಬರೋಣ. ರೊಟ್ಟಿಯನ್ನು ಮೇಲಿನಿಂದ ನೋಡಿದರೆ ಅದು ಒಂದು ವೃತ್ತ. ವೃತ್ತದೊಳಗೆ ಇನ್ನೊಂದು ವೃತ್ತವನ್ನು ಬರೆದರೆ ಅದು ರೊಟ್ಟಿಯೂ ಆಗಬಹುದು, ತಟ್ಟೆಯೂ ಆಗಬಹುದು, ಹುಣ್ಣಿಮೆಯ ಚಂದ್ರನೂ ಆಗಬಹುದು. ಕಂದು ಚುಕ್ಕೆಗಳನ್ನು ಇಟ್ಟರೆ ಬಿಸ್ಕತ್ತಿನಂತೆ ಕಾಣುತ್ತದೆ. ಒಂದು ಅಂಚನ್ನು ಮುರಿದು ತೋರಿಸಿದರೂ ಹಾಗೆಯೇ. ಐಕಾನ್ ರೂಪಿಸುವುದರ ಬಹುಪಾಲು ಶ್ರಮ ಇಂತಹ ಕಡೆಯೇ ಇರುತ್ತದೆ: ವಸ್ತುವನ್ನು ಯಾವ ಕಡೆಯಿಂದ ನೋಡಿದರೆ ಅದು ಬೇರೆ ಯಾವುದರಂತೆಯೂ ಕಾಣುವುದಿಲ್ಲ ಎಂಬುದನ್ನು ಹುಡುಕುವುದು.

ಕಡಕ್ ರೊಟ್ಟಿಯನ್ನು ಪಕ್ಕದಿಂದ ನೋಡೋಣ. ಒಂದರ ಮೇಲೊಂದು ಪೇರಿಸಿಟ್ಟ ರೊಟ್ಟಿಗಳು ಚಪಾತಿಯಂತೆ ಮೆತ್ತಗೆ ಒರಗುವುದಿಲ್ಲ; ಒಣಗಿ ಸೊಟ್ಟಗಾಗಿ, ಅಂಚುಗಳು ಮೇಲಕ್ಕೂ ಕೆಳಕ್ಕೂ ಬಾಗಿ, ನಡುನಡುವೆ ಸಂದು ಬಿಟ್ಟುಕೊಂಡು ನಿಲ್ಲುತ್ತವೆ. ಆ ಬಾಗುಗೆರೆಯೇ ಅದರ ಗುರುತು. ನಾಲ್ಕು ಬಾಗಿದ ದಪ್ಪ ಗೆರೆಗಳು, ಮೇಲೊಂದು ಬೆಣ್ಣೆಯ ಮುದ್ದೆ: ಉತ್ತರ ಕರ್ನಾಟಕದ ಊಟವನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಅರಿಯದವರಿಗೂ ಇದು ಪೇರಿಸಿಟ್ಟ ತಿನಿಸು ಎಂಬುದಾದರೂ ಹೊಳೆಯುತ್ತದೆ. ರೊಟ್ಟಿ ಬಡಿಯುವ ಅಂಗೈಯನ್ನು ಬರೆಯುವುದು ಇನ್ನೊಂದು ದಾರಿ. ಆದರೆ ವೃತ್ತದೊಳಗಿನ ಅಂಗೈ ಆಶೀರ್ವಾದದ ಹಸ್ತದಂತೆಯೋ ‘ನಿಲ್ಲಿ’ ಎನ್ನುವ ಸಂಕೇತದಂತೆಯೋ ಪಕ್ಷವೊಂದರ ಚಿಹ್ನೆಯಂತೆಯೋ ಕಾಣುವ ಸಾಧ್ಯತೆ ಹೆಚ್ಚು. ಎರಡರಲ್ಲಿ ನಾನು ಪೇರಿಸಿದ ರೊಟ್ಟಿಯನ್ನೇ ಆರಿಸುತ್ತೇನೆ.

ಇದನ್ನು ಬರೆಯಲು ಕಂಪ್ಯೂಟರಿಗಿಂತ ಮೊದಲು ಮಕ್ಕಳ ಲೆಕ್ಕದ ಪುಸ್ತಕದ ಚೌಕಳಿ ಹಾಳೆಯನ್ನೂ ದಪ್ಪ ಮೊನೆಯ ಸ್ಕೆಚ್ ಪೆನ್ನನ್ನೂ ತೆಗೆದುಕೊಳ್ಳುವುದು ಉತ್ತಮ. ಹದಿನಾರು ಚೌಕ ಅಗಲ, ಹದಿನಾರು ಚೌಕ ಎತ್ತರದ ಜಾಗವನ್ನು ಗುರುತು ಮಾಡಿ, ಅದರೊಳಗೆ ವೃತ್ತ ಎಳೆದು, ಪ್ರತಿ ಗೆರೆಯೂ ಕನಿಷ್ಠ ಒಂದು ಚೌಕದಷ್ಟು ದಪ್ಪ, ಎರಡು ಗೆರೆಗಳ ನಡುವಿನ ಸಂದೂ ಕನಿಷ್ಠ ಒಂದು ಚೌಕದಷ್ಟು ಇರುವಂತೆ ಬರೆಯಬೇಕು. ದಪ್ಪ ಪೆನ್ನು ಬೇಡದ ವಿವರಗಳನ್ನು ಬರೆಯಲು ಬಿಡುವುದೇ ಇಲ್ಲ. ನಾಲ್ಕು ರೊಟ್ಟಿಗಳು ಹಿಡಿಸದಿದ್ದರೆ ಮೂರು ಸಾಕು. ಬೆಣ್ಣೆಯ ಮುದ್ದೆಗೆ ಒಂದೂವರೆ ಚೌಕದ ಎತ್ತರ ಬೇಕೇ ಬೇಕು.

ಚೌಕಳಿಯ ಈ ಲೆಕ್ಕ ಧಾರವಾಡದ ಕಡೆಯ ಹೆಂಗಸರಿಗೆ ಹೊಸದಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆಯನ್ನು ಮೊದಲೇ ಬರೆದುಕೊಳ್ಳುವ ಪದ್ಧತಿಯಿಲ್ಲ; ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಆನೆಯ ಸೊಂಡಿಲೂ ನೇರ ಮತ್ತು ಓರೆ ಗೆರೆಗಳ ಮೆಟ್ಟಿಲುಗಳಾಗಿಯೇ ಬರುತ್ತದೆ, ಆದರೂ ಅದು ಆನೆಯೇ. ಇಂದಿನ ಐಕಾನ್‌ಗಳು ಹುಟ್ಟಿದ್ದೂ ಇಂತಹ ಎಣಿಕೆಯಿಂದಲೇ. 1984ರಲ್ಲಿ ಮಾರುಕಟ್ಟೆಗೆ ಬಂದ ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಐಕಾನ್‌ಗಳನ್ನು ಬರೆದ ಸೂಸನ್ ಕೇರ್ ಅವರು ಗ್ರಾಫ್ ಹಾಳೆಯ ಪುಸ್ತಕದಲ್ಲಿ 32 ಅಡ್ಡ, 32 ಉದ್ದದ ಚೌಕಗಳನ್ನು ಒಂದೊಂದಾಗಿ ತುಂಬುತ್ತ ಹೋದರು. ಒಟ್ಟು 1024 ಚೌಕಗಳು, ಪ್ರತಿಯೊಂದೂ ಕಪ್ಪು ಅಥವಾ ಬಿಳಿ. 1999ರಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಕಂಪನಿಗಾಗಿ ಶಿಗೆತಾಕಾ ಕುರಿತಾ ರೂಪಿಸಿದ 176 ಇಮೋಜಿಗಳಿಗೆ ಸಿಕ್ಕ ಜಾಗ ಇನ್ನೂ ಕಡಿಮೆ: 12ಕ್ಕೆ 12, ಅಂದರೆ 144 ಚುಕ್ಕೆಗಳು. ಅಷ್ಟರಲ್ಲಿಯೇ ಕೊಡೆ, ಹೃದಯ, ಚಂದ್ರ ಎಲ್ಲವೂ ಹಿಡಿಸಿದವು. ನಮ್ಮ ರೊಟ್ಟಿಗೆ ಹದಿನಾರು ಚೌಕ ಕಡಿಮೆಯೇನಲ್ಲ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಬೇಕು. ಒಳಗಿನ ವಿವರಗಳನ್ನೆಲ್ಲ ಮುಚ್ಚಿ, ಹೊರಗಿನ ಆಕಾರವನ್ನು ಮಾತ್ರ ಕಪ್ಪು ಬಣ್ಣದಿಂದ ತುಂಬಿ ನೋಡಬೇಕು. ತೊಗಲುಗೊಂಬೆಯ ನೆರಳನ್ನು ನೋಡಿ ಇವನು ಹನುಮಂತ, ಇವನು ರಾವಣ ಎಂದು ಹೇಳುವಂತೆ, ಬರಿಯ ಹೊರ ಆಕಾರದಿಂದಲೇ ವಸ್ತು ಗುರುತು ಸಿಗುವಂತಿದ್ದರೆ ಐಕಾನ್ ಗಟ್ಟಿಯಾಗಿದೆ ಎಂದರ್ಥ.

ನಡುವೆ ಇಡುವ ವಿಷಯದಲ್ಲಿ ಅಳತೆಪಟ್ಟಿಗಿಂತ ಕಣ್ಣನ್ನು ನಂಬಬೇಕು. ವಿಡಿಯೋಗಳ ಮೇಲಿನ ತ್ರಿಕೋನದ ಗುರುತನ್ನು ಅಳತೆಯಂತೆ ನಟ್ಟನಡುವೆ ಇಟ್ಟರೆ ಅದು ಎಡಕ್ಕೆ ಸರಿದಂತೆ ಕಾಣುತ್ತದೆ, ಏಕೆಂದರೆ ಅದರ ಭಾರವೆಲ್ಲ ಅಗಲವಾದ ಎಡಬದಿಯಲ್ಲಿದೆ. ಹಾಗಾಗಿ ಅದನ್ನು ಸ್ವಲ್ಪ ಬಲಕ್ಕೆ ಸರಿಸಿ ಇಡುತ್ತಾರೆ. ನಮ್ಮ ಐಕಾನ್‌ನಲ್ಲಿ ಕೆಳಗೆ ಅಗಲವಾದ ರೊಟ್ಟಿಗಳು, ಮೇಲೆ ಚಿಕ್ಕ ಬೆಣ್ಣೆಯ ಮುದ್ದೆ. ಇಡೀ ಚಿತ್ರವನ್ನು ಒಂದಿಷ್ಟು ಮೇಲಕ್ಕೆ ಎತ್ತಿದರೆ ಮಾತ್ರ ಅದು ನಡುವೆ ಇದ್ದಂತೆ ತೋರುತ್ತದೆ.

ಕನ್ನಡದ ಅಕ್ಷರವನ್ನೇ ಐಕಾನ್ ಮಾಡಿದರೆ

ಚಿತ್ರದ ಬದಲು ಹೆಸರಿನ ಮೊದಲ ಅಕ್ಷರವನ್ನು ಇಡುವುದು ಹಲವರ ಆಯ್ಕೆ. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ವೃತ್ತದೊಳಗೆ ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಸಾವಿರಾರು ಇಂಗ್ಲಿಷ್ ಅಕ್ಷರಗಳ ನಡುವೆ ಥಟ್ಟನೆ ಕಣ್ಣಿಗೂ ಬೀಳುತ್ತವೆ. ‘ಅ’, ‘ಗ’, ‘ನ’, ‘ರ’ ಮುಂತಾದವುಗಳನ್ನು ದಪ್ಪವಾಗಿ ಬರೆದರೆ ಬೇಳೆಯ ಗಾತ್ರದಲ್ಲಿಯೂ ಓದಬಹುದು. ಎಲ್ಲ ಅಕ್ಷರಗಳೂ ಹಾಗಲ್ಲ.

ಮೊದಲ ತೊಡಕು ಸಣ್ಣ ಗುರುತುಗಳದು. ‘ರ’ ಮತ್ತು ‘ಠ’ಗಳನ್ನು ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ, ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸೀಳು. ಅಕ್ಷರ ಕುಗ್ಗಿದಾಗ ಮೊದಲು ಮುಚ್ಚಿಹೋಗುವುದು ಇವೇ, ಹಾಗಾಗಿ ‘ಭ’ ಎಂದು ಬರೆದದ್ದು ‘ಬ’ ಎಂದು ಓದಿಸಿಕೊಳ್ಳುತ್ತದೆ. ಇಂತಹ ಅಕ್ಷರವೇ ಬೇಕಿದ್ದರೆ ಚುಕ್ಕಿಯನ್ನೂ ಸೀಳನ್ನೂ ಮುದ್ರಣದಲ್ಲಿ ಇರುವುದಕ್ಕಿಂತ ದೊಡ್ಡದಾಗಿ ತಿದ್ದಿಕೊಳ್ಳಬೇಕಾಗುತ್ತದೆ.

ಎರಡನೆಯ ತೊಡಕು ಗುಣಿತ ಮತ್ತು ಒತ್ತುಗಳದು. ನಮ್ಮ ಉದಾಹರಣೆಯಲ್ಲಿ ‘ರೊಟ್ಟಿ’ ಎಂಬುದರ ಮೊದಲ ಅಕ್ಷರ ‘ರೊ’. ಬರಿಯ ‘ರ’ ದುಂಡಗೆ ಪುಟ್ಟದಾಗಿದ್ದರೆ, ‘ರೊ’ ಬಲಕ್ಕೆ ಉದ್ದವಾಗಿ ಚಾಚಿಕೊಳ್ಳುತ್ತದೆ. ಆ ಅಗಲವನ್ನು ವೃತ್ತದೊಳಗೆ ಹಿಡಿಸಲು ಇಡೀ ಅಕ್ಷರವನ್ನು ಕುಗ್ಗಿಸಬೇಕು. ‘ಟ್ಟಿ’ಯಲ್ಲಿ ಒತ್ತು ಕೆಳಗೆ ಇಳಿಯುವುದರಿಂದ ಎತ್ತರದ ಸಮಸ್ಯೆ. ಹೆಸರಿನ ಮೊದಲ ಅಕ್ಷರವೇ ಇರಬೇಕೆಂಬ ನಿಯಮವೇನೂ ಇಲ್ಲ, ಊರಿನ ಅಥವಾ ಮನೆತನದ ಹೆಸರಿನಲ್ಲಿ ಚೊಕ್ಕವಾದ ಅಕ್ಷರವಿದ್ದರೆ ಅದನ್ನೇ ಆರಿಸಿಕೊಳ್ಳಬಹುದು. ಇಡೀ ಹೆಸರನ್ನು ವೃತ್ತದೊಳಗೆ ತುರುಕುವುದಂತೂ ಬೇಡ, ಹೆಸರು ಹೇಗೂ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ.

ಮೂರನೆಯದು ತಂತ್ರಾಂಶದ ತೊಡಕು, ಮತ್ತು ಅತ್ಯಂತ ಹೆಚ್ಚು ನೋವು ಕೊಡುವಂಥದ್ದು. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಕನ್ನಡವನ್ನು ಬೆರಳಚ್ಚಿಸಿದಾಗ ‘ರೊಟ್ಟಿ’ ಎಂಬುದು ‘ರೊಟ್‌ಟಿ’ ಎಂದು ಒಡೆದು ಬರುತ್ತದೆ. ಯುನಿಕೋಡ್‌ನಲ್ಲಿ ‘ಟ್ಟಿ’ ಎಂಬುದು ಒಂದು ಅಕ್ಷರವಾಗಿ ಸಂಗ್ರಹವಾಗಿರುವುದಿಲ್ಲ; ಟ, ಅದನ್ನು ಅರ್ಧಾಕ್ಷರ ಮಾಡುವ ಹಲಂತ (ವಿರಾಮ), ಮತ್ತೆ ಟ, ಗುಡಿಸು ಎಂಬ ನಾಲ್ಕು ಸಂಕೇತಗಳ ಸಾಲಾಗಿರುತ್ತದೆ. ಇವನ್ನು ಕೂಡಿಸಿ ಒಂದು ಅಕ್ಷರದ ಆಕಾರ ಕೊಡುವ ಕೆಲಸವನ್ನು ಪಠ್ಯವನ್ನು ಜೋಡಿಸುವ ತಂತ್ರಾಂಶದ ಭಾಗ ಮಾಡಬೇಕು. ಅದು ಭಾರತೀಯ ಲಿಪಿಗಳಿಗೆ ಸಿದ್ಧವಾಗಿಲ್ಲದಿದ್ದರೆ ಅಕ್ಷರ ಒಡೆಯುತ್ತದೆ. ಫೋಟೋಶಾಪ್‌ನಂತಹ ತಂತ್ರಾಂಶಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಆಯ್ಕೆ ಇದೆ, ಅದನ್ನು ಆರಿಸಿಕೊಂಡರೆ ಸರಿಯಾಗುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಅಕ್ಷರ ಸರಿಯಾಗಿ ಬಂದ ಕೂಡಲೇ ಅದನ್ನು ಆಕಾರವಾಗಿ ಪರಿವರ್ತಿಸಿಟ್ಟರೆ, ಬೇರೊಂದು ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಮಾತಿನಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸುವವರು ಅದು ಕೊಟ್ಟ ಕನ್ನಡ ಅಕ್ಷರವನ್ನು ಸುಳಿಸುಳಿಯಾಗಿ ಪರೀಕ್ಷಿಸಬೇಕು. ಕನ್ನಡದಂತೆ ಕಾಣುವ, ಆದರೆ ಯಾವ ಅಕ್ಷರವೂ ಅಲ್ಲದ ಆಕಾರಗಳು ಅವುಗಳಲ್ಲಿ ಬರುವುದುಂಟು.

ಫಾಂಟ್ ಆರಿಸುವಾಗ ದಪ್ಪವೂ ಒಳಗಿನ ಖಾಲಿ ಜಾಗವೂ ಎರಡೂ ಇರುವಂಥದ್ದನ್ನು ನೋಡಬೇಕು. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ ಇವು ಮುಕ್ತ ಪರವಾನಗಿಯಲ್ಲಿ ಸಿಗುವ, ದಪ್ಪ ರೂಪಗಳೂ ಇರುವ ಫಾಂಟ್‌ಗಳು. ವ್ಯಾಪಾರಕ್ಕೂ ಹಣ ಕೊಡದೆ ಬಳಸಬಹುದು.

ಬಣ್ಣ: ಎರಡು ಸಾಕು

ಐಕಾನ್‌ನಲ್ಲಿ ಬಣ್ಣದ ಚೆಲುವಿಗಿಂತ ಮುಖ್ಯವಾದುದು ಎರಡು ಬಣ್ಣಗಳ ನಡುವಿನ ಬೆಳಕಿನ ಅಂತರ. ಇದನ್ನು ಅಳೆಯಲು ಒಂದು ಅಳತೆಗೋಲಿದೆ. ಎರಡೂ ಒಂದೇ ಬಣ್ಣವಾದರೆ ಅನುಪಾತ 1, ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪಾದರೆ 21. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಅರ್ಥ ತಿಳಿಯಲು ಅಗತ್ಯವಾದ ಚಿತ್ರಭಾಗಗಳಿಗೆ ಈ ಅನುಪಾತ ಕನಿಷ್ಠ 3 ಇರಬೇಕು.

ಅಚ್ಚ ಹಳದಿಯ ಮೇಲೆ ಬಿಳಿಯಿಂದ ಬರೆದರೆ ಅನುಪಾತ 1.07, ಅಂದರೆ ಬರೆದೂ ಬರೆಯದಂತೆ. ಅಚ್ಚ ಹಳದಿ ಮತ್ತು ಅಚ್ಚ ಕೆಂಪು ಜೊತೆಯಾದಾಗ ಸುಮಾರು 3.7, ನಮ್ಮ ಕನ್ನಡ ಬಾವುಟದ ಬಣ್ಣಗಳು ದೂರದಿಂದಲೂ ಬೇರೆಬೇರೆಯಾಗಿ ಕಾಣುವುದು ಇದರಿಂದಲೇ. ಅಚ್ಚರಿ ಹುಟ್ಟಿಸುವುದು ಕೆಂಪು ಮತ್ತು ಹಸಿರಿನ ಜೋಡಿ. ಎಲೆಹಸಿರಿನ ಹಿನ್ನೆಲೆಯ ಮೇಲೆ ಕೆಂಪು ಮೆಣಸಿನಕಾಯಿ ಎದ್ದು ಕಾಣುತ್ತದೆಂದು ನಮಗೆ ಅನ್ನಿಸುತ್ತದೆ, ಆದರೆ ಎರಡರ ಬೆಳಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅನುಪಾತ 1.3ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಕೆಂಪು–ಹಸಿರುಗಳ ವ್ಯತ್ಯಾಸ ಕಾಣದ ಬಣ್ಣಗುರುಡು ಗಂಡಸರಲ್ಲಿ ಹೆಚ್ಚು. ಅಂಥವರಿಗೆ ಈ ಮೆಣಸಿನಕಾಯಿ ಕಾಣಿಸದೆಯೇ ಹೋಗಬಹುದು. ಇದನ್ನು ಪರೀಕ್ಷಿಸಲು ಉಪಕರಣವೇನೂ ಬೇಡ, ಫೋನಿನಲ್ಲಿ ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿದರೆ ಸಾಕು.

ಹಿನ್ನೆಲೆಯನ್ನು ಖಾಲಿ ಬಿಡದೆ ಬಣ್ಣದಿಂದ ತುಂಬಬೇಕು. ಕೆಲವರ ಫೋನಿನ ಪರದೆ ಬಿಳಿಯಾಗಿರುತ್ತದೆ, ಕೆಲವರದು ಕಪ್ಪು. ಹಿನ್ನೆಲೆಯಿಲ್ಲದ ಕಪ್ಪು ಗೆರೆಯ ಐಕಾನ್ ಕಪ್ಪು ಪರದೆಯಲ್ಲಿ ಮಾಯವಾಗುತ್ತದೆ. ನಮ್ಮ ರೊಟ್ಟಿಗೆ ಕಡು ಇಳಕಲ್ ಕೆಂಪಿನ ಹಿನ್ನೆಲೆ, ಅದರ ಮೇಲೆ ಜೋಳದ ಬಿಳುಪು ಬಣ್ಣದ ಗೆರೆಗಳು ಎರಡೂ ಕಡೆ ನಿಲ್ಲುತ್ತವೆ.

ಸಾಲಾಗಿ ನಿಲ್ಲುವ ನಾಲ್ಕು ಕವರ್‌ಗಳು

ಹೈಲೈಟ್ ಕವರ್‌ಗಳು ಒಂಟಿಯಾಗಿ ಕಾಣುವುದಿಲ್ಲ, ಸಾಲಾಗಿ ನಿಲ್ಲುತ್ತವೆ. ಆದ್ದರಿಂದ ಅವು ಒಂದೇ ಮನೆಯವರಂತೆಯೂ ಇರಬೇಕು, ಒಂದನ್ನು ನೋಡಿ ಇನ್ನೊಂದೆಂದು ತಿಳಿಯುವಂತೆಯೂ ಇರಬಾರದು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಶ್ರಯ ಪಡೆದು ಬೆಳೆದ ಗಂಜೀಫಾ ಎಂಬ ಇಸ್ಪೀಟಿನಂತಹ ಆಟದ ಎಲೆಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗಂಜೀಫಾ ಎಲೆಗಳು ಸಾಮಾನ್ಯವಾಗಿ ದುಂಡಗಿರುತ್ತವೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳು; ಒಂದೊಂದು ಅವತಾರಕ್ಕೂ ಅದರದೇ ಗುರುತು, ಅದರದೇ ಹಿನ್ನೆಲೆಯ ಬಣ್ಣ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಕೈಯ ಬಳುಕು, ಗೆರೆಯ ದಪ್ಪ, ಅಂಚಿನ ವಿನ್ಯಾಸ ಎಲ್ಲದರಲ್ಲೂ ಒಂದೇ ಆಗಿರುವುದರಿಂದ ಇಡೀ ಕಟ್ಟು ಒಂದೇ ಎನ್ನಿಸುತ್ತದೆ.

ನಮ್ಮ ನಾಲ್ಕು ಕವರ್‌ಗಳಿಗೂ ಅದನ್ನೇ ಅನ್ವಯಿಸಬಹುದು. ಗೆರೆಯ ದಪ್ಪ ಒಂದೇ ಇರಲಿ, ಮೂಲೆಗಳು ಎಲ್ಲದರಲ್ಲೂ ದುಂಡಗಿರಲಿ ಅಥವಾ ಎಲ್ಲದರಲ್ಲೂ ಚೂಪಾಗಿರಲಿ, ಒಂದನ್ನು ಬಣ್ಣ ತುಂಬಿ ಇನ್ನೊಂದನ್ನು ಬರಿಯ ಗೆರೆಯಲ್ಲಿ ಬರೆಯುವುದು ಬೇಡ. ‘ದರ’ಕ್ಕೆ ₹ ಚಿಹ್ನೆ, ‘ಆರ್ಡರ್’ಗೆ ಕೈಚೀಲ, ‘ಕೊರಿಯರ್’ಗೆ ದಾರ ಕಟ್ಟಿದ ಡಬ್ಬಿ, ‘ಅನಿಸಿಕೆ’ಗೆ ಮಾತಿನ ಗುಳ್ಳೆ. ಅಳತೆಯಲ್ಲಿ ನಾಲ್ಕೂ ಸಮವಾಗಿದ್ದರೂ ಚೌಕಾಕಾರದ ಡಬ್ಬಿ ಉಳಿದವುಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನು ಕೊಂಚ ಕಿರಿದು ಮಾಡಬೇಕು.

ಕೆಳಗಿನ ಹೆಸರನ್ನು ಚಿಕ್ಕದಾಗಿ ಇಡುವುದು ಕನ್ನಡದಲ್ಲಿ ಇನ್ನೂ ಮುಖ್ಯ. ‘ಉಪ್ಪಿನಕಾಯಿ’ ಎಂಬುದನ್ನು ನಾವು ಐದು ಅಕ್ಷರಗಳಾಗಿ ಎಣಿಸುತ್ತೇವೆ, ಯುನಿಕೋಡ್ ಲೆಕ್ಕದಲ್ಲಿ ಅದು ಹತ್ತು. ಹೆಸರಿಗೆ ಸಿಗುವ ಜಾಗ ಸೀಮಿತವಾಗಿರುವುದರಿಂದ ಉದ್ದನೆಯ ಕನ್ನಡ ಹೆಸರುಗಳು ಅರ್ಧಕ್ಕೇ ತುಂಡಾಗುತ್ತವೆ. ಕಣ್ಣು ಕಾಣದವರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶವು ಓದುವುದು ಈ ಹೆಸರನ್ನೇ ಹೊರತು ಐಕಾನ್‌ನ ಅರ್ಥವನ್ನಲ್ಲ. ಆದ್ದರಿಂದ ಹೆಸರಿನ ಜಾಗದಲ್ಲಿ ಬರಿಯ ಹೂವಿನ ಇಮೋಜಿಯನ್ನು ಇಡುವುದು ಅವರಿಗೆ ಬಾಗಿಲು ಮುಚ್ಚಿದಂತೆ.

ಚುಕ್ಕೆಗಳ ಕಡತ, ಗೆರೆಗಳ ಕಡತ

ಕಂಪ್ಯೂಟರು ಚಿತ್ರವನ್ನು ಎರಡು ಬಗೆಯಲ್ಲಿ ನೆನಪಿಟ್ಟುಕೊಳ್ಳುತ್ತದೆ. ಅಂಗಳದಲ್ಲಿ ಹಾಕಿದ ರಂಗೋಲಿಯ ಫೋಟೋ ತೆಗೆದರೆ ಅದು ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳ ರಾಶಿ. ಹಿಗ್ಗಿಸಿದರೆ ಚುಕ್ಕೆಗಳು ಬಿಡಿಬಿಡಿಯಾಗಿ ಮಸುಕಾಗುತ್ತದೆ. ಆದರೆ ‘ಏಳು ಚುಕ್ಕಿ, ಏಳು ಸಾಲು, ಇಲ್ಲಿಂದ ಅಲ್ಲಿಗೆ ಎಳೆ’ ಎಂದು ಬರೆದಿಟ್ಟುಕೊಂಡರೆ ಅದೇ ರಂಗೋಲಿಯನ್ನು ಅಂಗೈಯಗಲಕ್ಕೂ ಹಾಕಬಹುದು, ರಥಬೀದಿಯಗಲಕ್ಕೂ ಹಾಕಬಹುದು. ಈ ಎರಡನೆಯ ಬಗೆಯನ್ನು ವೆಕ್ಟರ್ ಎನ್ನುತ್ತಾರೆ. ಅದರ ಕಡತ ಸಾಮಾನ್ಯವಾಗಿ ಎಸ್‌ವಿಜಿ. ಐಕಾನ್‌ನ ಮೂಲಪ್ರತಿ ವೆಕ್ಟರ್ ಆಗಿಯೇ ಇರಬೇಕು.

ಜಾಲತಾಣಕ್ಕೆ ಕೊಡುವಾಗ ಚುಕ್ಕೆಗಳ ಕಡತವೇ ಬೇಕಾಗುತ್ತದೆ. ಫೋಟೋಗಳಿಗೆಂದು ಬಂದ ಜೆಪೆಗ್ ಬಗೆಯು ಕಡತವನ್ನು ಕುಗ್ಗಿಸುವಾಗ ಚೂಪಾದ ಅಂಚುಗಳ ಸುತ್ತ ಕೊಳೆಯಂತಹ ಕಲೆ ಬಿಡುತ್ತದೆ. ಸಮತಟ್ಟಾದ ಬಣ್ಣಗಳ ಐಕಾನ್‌ಗೆ ಪಿಎನ್‌ಜಿ ಬಗೆಯೇ ಮೇಲು. ಜಾಲತಾಣಗಳು ಹೇಗೂ ತಮ್ಮ ಕಡೆಯಿಂದ ಮತ್ತೊಮ್ಮೆ ಕುಗ್ಗಿಸುವುದರಿಂದ ದೊಡ್ಡದಾದ, ಸ್ವಚ್ಛವಾದ ಪ್ರತಿಯನ್ನು ಕೊಡುವುದು ಕ್ಷೇಮ. ಚಿಕ್ಕದನ್ನು ಹಿಗ್ಗಿಸಿ ಕೊಡುವುದು ಮಾತ್ರ ಕೂಡದು.

ಬೇರೆಯವರ ಚಿತ್ರ, ಸರ್ಕಾರದ ಲಾಂಛನ

ಅಂತರ್ಜಾಲದಲ್ಲಿ ಸಿದ್ಧ ಐಕಾನ್‌ಗಳು ಸಾವಿರಗಟ್ಟಲೆ ಸಿಗುತ್ತವೆ. ಹುಡುಕಿದಾಗ ಸಿಕ್ಕಿತು ಎಂಬ ಕಾರಣಕ್ಕೆ ಅದು ನಮ್ಮದಾಗುವುದಿಲ್ಲ. ಚಿತ್ರವೂ ಕೃತಿಯೇ, ಅದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯಿದೆ. ‘ಉಚಿತ’ ಎಂದಿರುವ ಕಡೆಯೂ ಸ್ವಂತ ಬಳಕೆಗೆ ಮಾತ್ರ ಉಚಿತವೇ, ವ್ಯಾಪಾರಕ್ಕೂ ಸಲ್ಲುತ್ತದೆಯೇ, ಬರೆದವರ ಹೆಸರು ಹಾಕಬೇಕೇ ಎಂಬುದನ್ನು ಓದಿ ನೋಡಬೇಕು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಭಿಮಾನದಿಂದ ಗಂಡಭೇರುಂಡವಿರುವ ರಾಜ್ಯ ಲಾಂಛನವನ್ನು ಪ್ರೊಫೈಲ್‌ಗೆ ಹಾಕಿಕೊಳ್ಳುವವರು ಇದ್ದಾರೆ. ಲಾಂಛನಗಳು ಮತ್ತು ಹೆಸರುಗಳ ಅನುಚಿತ ಬಳಕೆಯನ್ನು ತಡೆಯುವ 1950ರ ಕೇಂದ್ರ ಕಾಯಿದೆಯ ಪ್ರಕಾರ ರಾಜ್ಯ ಸರ್ಕಾರದ ಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಸಾರನಾಥದ ಸಿಂಹಗಳ ರಾಷ್ಟ್ರಲಾಂಛನಕ್ಕೆ 2005ರ ಪ್ರತ್ಯೇಕ ಕಾಯಿದೆಯೇ ಇದೆ.

ಹಾಕುವ ಮೊದಲು, ಹಾಕಿದ ಮೇಲೆ

ಸಿದ್ಧವಾದ ಐಕಾನನ್ನು ಫೋನಿನಲ್ಲಿಯೇ, ಅದು ಕಾಣಬೇಕಾದ ಗಾತ್ರದಲ್ಲಿಯೇ ಪರೀಕ್ಷಿಸಬೇಕು. ಮನೆಯವರಿಂದ ದೂರವಿರುವ, ಈ ಕೆಲಸದ ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದು ಕ್ಷಣ ತೋರಿಸಿ, ಫೋನನ್ನು ಮರೆಮಾಡಿ, ಏನು ಕಂಡಿತೆಂದು ಕೇಳಬೇಕು. ಕನ್ನಡಕ ಧರಿಸುವ ಹಿರಿಯರು ಇದಕ್ಕೆ ಒಳ್ಳೆಯವರು. ಅವರು ‘ರೊಟ್ಟಿ’ ಎಂದರೆ ಕೆಲಸ ಮುಗಿಯಿತು, ‘ಪುಸ್ತಕದ ಕಟ್ಟು’ ಎಂದರೆ ಗೆರೆಗಳ ಬಾಗು ಸಾಲದು ಎಂದು ತಿಳಿದು ಮತ್ತೆ ಚೌಕಳಿ ಹಾಳೆಗೆ ಹೋಗಬೇಕು. ಏನು ಬರೆದಿದ್ದೇವೆಂದು ಮೊದಲೇ ಹೇಳಿ ತೋರಿಸಿದರೆ ಪರೀಕ್ಷೆಗೆ ಅರ್ಥವಿಲ್ಲ.

ಒಮ್ಮೆ ಹಾಕಿದ ಮೇಲೆ ಪ್ರೊಫೈಲ್ ಐಕಾನನ್ನು ಹಬ್ಬಹಬ್ಬಕ್ಕೂ ಬದಲಿಸುವುದು ಸರಿಯಲ್ಲ, ಏಕೆಂದರೆ ಗ್ರಾಹಕರು ಸಂದೇಶಗಳ ಸಾಲಿನಲ್ಲಿ ಹೆಸರನ್ನು ಓದುವ ಮೊದಲು ಬಣ್ಣವನ್ನೂ ಆಕಾರವನ್ನೂ ನೋಡಿ ಗುರುತಿಸುತ್ತಾರೆ. ಹಬ್ಬದ ಸಡಗರಕ್ಕೆ ಸ್ಟೋರಿಗಳಿವೆ. ಆದರೆ ಜಾಲತಾಣಗಳೇ ತಮ್ಮ ಅಳತೆಗಳನ್ನು ಆಗಾಗ ಬದಲಿಸುತ್ತವೆ. ಇನ್‌ಸ್ಟಾಗ್ರಾಂ 2025ರ ಜನವರಿಯಲ್ಲಿ ಪ್ರೊಫೈಲ್ ಪುಟದಲ್ಲಿ ಪೋಸ್ಟುಗಳನ್ನು ತೋರಿಸುವ ಚೌಕಗಳನ್ನು ಉದ್ದನೆಯ ಆಯತಗಳಾಗಿ ಮಾಡಿದಾಗ, ಚೌಕಕ್ಕೆಂದೇ ಅಳೆದು ಜೋಡಿಸಿದ ಎಷ್ಟೋ ಪುಟಗಳ ಜೋಡಣೆ ಕೆಟ್ಟಿತು. ವೆಕ್ಟರ್ ಮೂಲಪ್ರತಿ, ಬಳಸಿದ ಎರಡು ಬಣ್ಣಗಳ ಸಂಕೇತಸಂಖ್ಯೆ (ಕಲರ್ ಕೋಡ್), ಫಾಂಟಿನ ಹೆಸರು ಈ ಮೂರನ್ನು ಒಂದೇ ಕಡೆ, ಫೋನಿನಲ್ಲಿ ಒಂದು ಪ್ರತಿ ಮತ್ತು ಬೇರೆಡೆ ಇನ್ನೊಂದು ಪ್ರತಿಯಾಗಿ ಇಟ್ಟುಕೊಂಡರೆ ಹೊಸ ಅಳತೆಗೆ ಹೊಂದಿಸುವುದು ಅರ್ಧ ಗಂಟೆಯ ಕೆಲಸ. ಮುಂದೊಂದು ದಿನ ಚಟ್ನಿಯ ಡಬ್ಬಿಗೆ ಅಂಟಿಸುವ ಚೀಟಿಯನ್ನು ಮಾಡಿಸಲು ಹೋದಾಗಲೂ ಮುದ್ರಣಾಲಯದವರು ಮೊದಲು ಕೇಳುವುದು ಅದೇ ಮೂಲಪ್ರತಿಯನ್ನು.